ಮೂರು ಮೊಟ್ಟೆ, ಒಂದು ಪಿತ್ತಕೋಶ

ಎಲ್ಲಕ್ಕೂ ಮೂಲ ಮೂರು ಮೊಟ್ಟೆ. ಜೊತೆಗೆ ಬೆಣ್ಣೆ ಬಳಿದ ನಾಲ್ಕು ಬ್ರೆಡ್ಡು, ದೊಡ್ಡ ಲೋಟದ ತುಂಬ ಕಾಫಿ. ಇಷ್ಟನ್ನೂ ಮಾಡಿ ಬಡಿಸಿದವರು ಗಾಜಣ್ಣನ ಅತ್ತೆ, ತಿಂದವನು ಗಾಜಣ್ಣ, ಅದರ ಫಲ ಉಂಡವರು ಬೇರೆಯವರು.

ಗಾಜಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆತ ದೊಡ್ಡದೊಂದು ಆಸ್ಪತ್ರೆಯಲ್ಲಿ ಅಟೆಂಡರ್. ಆಳು ಕಡ್ಡಿಯಂತಿದ್ದ. ಒಂಬತ್ತು ವರ್ಷದ ಹಿಂದೆ ಯಾರೋ ಡಾಕ್ಟರು ಸ್ಕ್ಯಾನ್ ಮೆಷಿನ್ ಪರೀಕ್ಷೆ ಮಾಡಲೆಂದು ಅವನನ್ನೇ ಮಲಗಿಸಿ ನೋಡಿದರೆ, ಒಳಗಿನದೆಲ್ಲ ಅಂಗಡಿಯ ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಂತೆ ಕಂಡಿತು. ಅಂದಿನಿಂದ ಅವನು ಗಾಜಣ್ಣನಾದ. ಹಾಸಿಗೆಯ ಪಕ್ಕದಲ್ಲೇ ಸ್ಕ್ಯಾನ್ ಮಾಡುವುದನ್ನು ಕಲಿಯುವ ತರಬೇತಿ ಡಾಕ್ಟರುಗಳಿಗೆ ಪರೀಕ್ಷೆ ನಡೆದಾಗಲೆಲ್ಲ ಅಂಗಿ ಬಿಚ್ಚಿ ಮಲಗುವ ರೋಗಿ ಅವನೇ. ಅವನ ಮನೆಯಲ್ಲಿ ಮದುವೆಯ ಫೋಟೋ ಒಂದಿತ್ತು, ಲಿವರಿನ ಫೋಟೋ ನಲವತ್ತಿದ್ದವು.

ಈ ಕೆಲಸಕ್ಕೆ ಇದ್ದದ್ದು ಒಂದೇ ಕಟ್ಟಳೆ: ಹಿಂದಿನ ರಾತ್ರಿಯಿಂದ ಉಪವಾಸ. ಪಿತ್ತಕೋಶ ಎಂಬ ಪುಟ್ಟ ಚೀಲ ಖಾಲಿ ಹೊಟ್ಟೆಯಲ್ಲಿ ಎಳೆ ಬದನೆಕಾಯಿಯ ಹಾಗೆ ಉಬ್ಬಿಕೊಂಡು ಚೆಂದವಾಗಿ ಕಾಣುತ್ತದೆ. ಜಿಡ್ಡಿನದೇನಾದರೂ ಒಳಗೆ ಹೋಯಿತೋ, ಹಿಂಡಿ ಬಿಸಾಕಿದ ನಿಂಬೆಹಣ್ಣಿನಂತೆ ಮುದುಡಿಬಿಡುತ್ತದೆ. ಮತ್ತೆ ತುಂಬಿಕೊಳ್ಳಲು ಅರ್ಧ ದಿನ ಬೇಕು. ಒಂಬತ್ತು ವರ್ಷದಲ್ಲಿ ಗಾಜಣ್ಣ ಈ ಕಟ್ಟಳೆಯನ್ನು ಒಮ್ಮೆಯೂ ಮುರಿದವನಲ್ಲ. ಆದರೆ ಆ ಒಂಬತ್ತು ವರ್ಷದಲ್ಲಿ ಪರೀಕ್ಷೆಯ ದಿನ ಅತ್ತೆ ಮನೆಯಲ್ಲಿದ್ದದ್ದೂ ಇಲ್ಲ.

"ಖಾಲಿ ಹೊಟ್ಟೇಲಿ ಅಳಿಯ ಮನೆ ಬಿಟ್ಟು ಹೊರಡೋದಾ? ನೋಡಿದವರು ಏನಂತಾರೆ?" ಎಂದರು ಅತ್ತೆ.

"ತೋರಿಸೋಕೇ ಹೋಗ್ತಿರೋದು ಅತ್ತೆ. ಇವತ್ತು ಆರು ಜನ ಡಾಕ್ಟರು ನನ್ನ ಹೊಟ್ಟೆ ನೋಡ್ತಾರೆ."

"ಆರು ಜನವಾ? ಹಾಗಾದ್ರೆ ತಿನ್ಲೇಬೇಕು. ನನ್ನ ಮಗಳು ಗಂಡನಿಗೆ ಹೊಟ್ಟೆಗೆ ಹಾಕಲ್ಲ ಅಂತ ಆರು ಜನಕ್ಕೂ ಗೊತ್ತಾಗ್ಬೇಕಾ?"

ಹೆಂಡತಿ ಬಾಗಿಲ ಮರೆಯಿಂದ ಪಿಸುಗುಟ್ಟಿದಳು: "ಒಂದೇ ಒಂದು ತುತ್ತು ತಿಂದುಬಿಡಿ. ನೀವು ತಿನ್ನದಿದ್ರೆ ಸಂಜೆವರೆಗೂ ಅಮ್ಮ ನನ್ನ ತಿಂತಾಳೆ."

ಒಂದು ತುತ್ತಿಗೆಂದು ಕೂತ ಗಾಜಣ್ಣ ಏಳುವ ಹೊತ್ತಿಗೆ ತಟ್ಟೆ ತೊಳೆದಿಟ್ಟ ಹಾಗಿತ್ತು. ರುಚಿಯಾಗಿತ್ತು ಎಂಬುದನ್ನು ಮುಚ್ಚಿಡುವಂತಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ತಳ್ಳುವವನು ಸಿಕ್ಕಿದ. ಊರಿನವರ ಕಷ್ಟಕ್ಕೆಲ್ಲ ಪುಕ್ಕಟೆ ಸಲಹೆ ಕೊಡುವುದು ಅವನ ಹುಟ್ಟುಗುಣ.

"ಏನಯ್ಯಾ ಗಾಜಣ್ಣ, ಮೀಸೇಲಿ ಹಳದಿ ಏನದು?"

"ಔಷಧಿ. ಸಣ್ಣ ಗಾಯ."

"ಮೀಸೆಗೆ ಗಾಯ ಆಗುತ್ತಾ?"

ಗಾಜಣ್ಣ ಮೀಸೆ ಒರೆಸಿಕೊಂಡು ಒಳಗೆ ನುಗ್ಗಿದ. ಅಲ್ಲಿ ದೊಡ್ಡ ಸಿಸ್ಟರ್ ಫಾರಂ ಹಿಡಿದು ಕಾಯುತ್ತಿದ್ದರು. ಮೂವತ್ತು ವರ್ಷದಿಂದ ವಾರ್ಡನ್ನು ಕಣ್ಣಲ್ಲೇ ಆಳುತ್ತಿದ್ದ ಹೆಂಗಸು.

"ಕೊನೇ ಸಲ ತಿಂದಿದ್ದು?"

ಇಲ್ಲಿ ನಿಜ ಹೇಳಿಬಿಡಬೇಕಿತ್ತು. ಹೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು, ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಹೋದ ವರ್ಷ ಬೇರೊಂದು ವಿಭಾಗದ ಪರೀಕ್ಷೆಗೆ ರೋಗಿಯಾಗಿ ಮಲಗಿದ ಕಾವಲುಗಾರನೊಬ್ಬ ಹೀಗೆಯೇ ತಿಂದು ಬಂದು ಸಿಕ್ಕಿಬಿದ್ದಿದ್ದ. ಅವನನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದ ಮೇಲೆ ಹಗಲು ಬೆಳಕಿನಲ್ಲಿ ಅವನ ಮುಖ ಕಂಡವರಿಲ್ಲ. ಗಾಜಣ್ಣನ ಕಣ್ಣ ಮುಂದೆ ಸೋಪಿನ ನೊರೆ ಬಂತು.

"ನಿನ್ನೆ ರಾತ್ರಿ ಎಂಟು ಗಂಟೆಗೆ ಸಿಸ್ಟರ್," ಎಂದು ಸಹಿ ಹಾಕಿದ.

ಸಹಿ ಒಣಗುವ ಮುಂಚೆಯೇ ಭಯ ಶುರುವಾಯಿತು. ಸ್ಟ್ರೆಚರಿನವನನ್ನು ಮೂಲೆಗೆ ಕರೆದು ಕೇಳಿದ: "ಅಕಸ್ಮಾತ್ ಯಾರಾದ್ರೂ ತಿಂದುಬಿಟ್ಟಿದ್ರೆ, ಬೇಗ ಕರಗೋಕೆ ಏನು ಮಾಡ್ಬೇಕು?"

"ಯಾರು ತಿಂದವರು?"

"ಯಾರಾದ್ರೂ ಅಂದೆನಲ್ಲ."

"ಹೊಟ್ಟೆ ತುಂಬ ನೀರು ಕುಡಿದು ಮೆಟ್ಟಿಲು ಹತ್ತಿ ಇಳೀಬೇಕು. ನಮ್ಮ ಚಿಕ್ಕಪ್ಪ ಹಾಗೇ ಮಾಡ್ತಿದ್ರು."

ಗಾಜಣ್ಣ ಐದು ಲೋಟ ನೀರು ಕುಡಿದು ಮೂರು ಮಹಡಿಯನ್ನು ಎರಡು ಸಲ ಹತ್ತಿ ಇಳಿದ. ಮೊಟ್ಟೆ ಕರಗಿತೋ ಇಲ್ಲವೋ, ಅವನಂತೂ ಕರಗಿ ನೀರಾದ. ಹೊಟ್ಟೆಯೊಳಗೆ ಕಾಫಿಗೆ ನೀರು ಸೇರಿ ಕೆರೆಯಾಯಿತು. ಆ ಚಿಕ್ಕಪ್ಪ ಐವತ್ತಕ್ಕೇ ತೀರಿಕೊಂಡರು ಎಂಬುದನ್ನು ಸ್ಟ್ರೆಚರಿನವನು ಆಮೇಲೆ ಹೇಳಿದ.

ಪರೀಕ್ಷೆಗೆ ಎರಡು ಭಾಗ. ಪಕ್ಕದ ಕೋಣೆಯಲ್ಲಿ ಸ್ಕ್ಯಾನ್ ನೋಡಿಕೊಂಡು ಸೂಜಿ ಚುಚ್ಚುವ ಪರೀಕ್ಷೆ, ಅದಕ್ಕೆ ರೋಗಿಯ ಬದಲು ರಬ್ಬರಿನಂಥ ಗಡ್ಡೆ ಇಟ್ಟಿದ್ದರು. ಈ ಕೋಣೆಯಲ್ಲಿ ಗಾಜಣ್ಣ. ಪರೀಕ್ಷಕಿ ಬೇರೆ ಆಸ್ಪತ್ರೆಯಿಂದ ಬಂದವರು. ವಯಸ್ಸಾದ ಡಾಕ್ಟರಮ್ಮ, ಸರಪಳಿಗೆ ಕಟ್ಟಿದ ಕನ್ನಡಕ, ಕೈಯಲ್ಲಿ ಪೆನ್ಸಿಲು. ಯಾರು ನಮಸ್ಕಾರ ಎಂದರೂ ತಲೆ ಎತ್ತುವುದಿಲ್ಲ, ಪರದೆಯ ಕಡೆ ನೋಡುವಂತೆಯೂ ಕಾಣುವುದಿಲ್ಲ. ಅಂಕದ ಹಾಳೆಯ ಮೇಲೆ ಪೆನ್ಸಿಲು ಆಡುತ್ತಿತ್ತು, ಅಷ್ಟೆ. ಗಾಜಣ್ಣನಿಗೆ ಹೋದ ಜೀವ ಬಂದಂತಾಯಿತು.

ಮೊದಲು ಬಂದವನು ಸೆಂಟು ಹಾಕಿಕೊಂಡ ಹುಡುಗ. ತಣ್ಣನೆಯ ಜೆಲ್ ಪಚಕ್ಕನೆ ಸುರಿದು, ಸ್ಕ್ಯಾನಿನ ಹಿಡಿಯನ್ನು ಪಕ್ಕೆಗೆ ಒತ್ತಿ ಆಚೆ ಈಚೆ ತಿರುಗಿಸಿದ. ಒಂಬತ್ತು ವರ್ಷ ತನ್ನ ಹೊಟ್ಟೆಯನ್ನೇ ಟೀವಿಯಲ್ಲಿ ನೋಡುತ್ತ ಮಲಗಿದ್ದ ಗಾಜಣ್ಣನಿಗೆ ಅಲ್ಲಿನ ಓಣಿ ಓಣಿಯೂ ಪರಿಚಿತ. ಬದನೆಕಾಯಿ ಇರಬೇಕಾದಲ್ಲಿ ಒಂದು ತೆಳ್ಳನೆಯ ಗೆರೆ ಇತ್ತು. ಅದರ ಪಕ್ಕದಲ್ಲಿ ಕಪ್ಪಗೆ, ದುಂಡಗೆ, ದೊಡ್ಡದಾಗಿ ಅತ್ತೆಯ ಕಾಫಿ ಹೊಳೆಯುತ್ತಿತ್ತು.

"ಪಿತ್ತಕೋಶ. ನಾರ್ಮಲ್," ಎಂದ ಹುಡುಗ.

ಪರೀಕ್ಷಕಿಯ ಪೆನ್ಸಿಲು ಏನೋ ಗೀಚಿತು.

ಎರಡನೆಯವನೂ ಕಾಫಿಯನ್ನೇ ಪಿತ್ತಕೋಶವೆಂದ. ಮೂರನೆಯವನು ಅದರ ಉದ್ದಗಲ ಅಳೆದು, "ಸ್ವಲ್ಪ ದೊಡ್ಡದಿದೆ, ಗಮನಿಸ್ತಾ ಇರ್ಬೇಕು" ಎಂದ. ಗಾಜಣ್ಣ ನಡುನಡುವೆ ಎದ್ದು ಇನ್ನೊಂದೊಂದು ಲೋಟ ನೀರು ಕುಡಿದು ಬಂದದ್ದರಿಂದ ಅದು ಬೆಳೆಯುತ್ತಲೇ ಇತ್ತು. ನಾಲ್ಕನೆಯವನಿಗೆ ಅದರೊಳಗೆ ಬೆಳ್ಳಗಿನದೊಂದು ಚೂರು ಕಂಡಿತು.

"ಕಲ್ಲು ಇದೆ ಮೇಡಂ. ಆಪರೇಷನ್ ಬೇಕಾಗಬಹುದು."

ಅತ್ತೆಯ ಮೊಟ್ಟೆಗೆ ಆಪರೇಷನ್ ಬರೆದಾಯಿತು. ಪೆನ್ಸಿಲು ಎಂದಿನಂತೆ ಗೀಚಿತು. ಐದನೆಯವಳು ಕಲ್ಲಿಲ್ಲ ಎಂದಳು, ಆದರೆ ಅವಳೂ ಕಾಫಿಯನ್ನೇ ಪಿತ್ತಕೋಶವೆಂದಳು. ಇಷ್ಟು ಸುಲಭವಾಗಿ ದಡ ಸೇರುತ್ತೇನೆಂದು ಗಾಜಣ್ಣ ಅಂದುಕೊಂಡಿರಲಿಲ್ಲ. ಅತ್ತೆಗೆ ಮನಸ್ಸಿನಲ್ಲೇ ಒಂದು ಸೀರೆ ತೆಗೆದಿಟ್ಟ.

ಆರನೆಯವಳು ಒಳಗೆ ಬಂದಾಗ ಆ ಸೀರೆ ಮರೆತುಹೋಯಿತು.

ವಾರ್ಡಿನವರೆಲ್ಲ ಆಕೆಯನ್ನು ಬೆಚ್ಚಗಿನ ಡಾಕ್ಟರಮ್ಮ ಎನ್ನುತ್ತಿದ್ದರು. ಜೆಲ್ ಬಾಟಲಿಯನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು ಬೆಚ್ಚಗಾದ ಮೇಲೆಯೇ ರೋಗಿಯ ಮೈಗೆ ಹಚ್ಚುವವಳು ಅವಳೊಬ್ಬಳೇ. ಕೆಲಸ ಮುಗಿದ ಮೇಲೆ ಒರೆಸುವವಳೂ ಅವಳೊಬ್ಬಳೇ. ಕೈ ಚುರುಕು, ಕಣ್ಣು ಚುರುಕು. ಆದರೆ ಕಂಡದ್ದನ್ನು ಹೇಳಲು ಹಿಂಜರಿಕೆ, ಯಾರಾದರೂ ಹುಬ್ಬೇರಿಸಿದರೆ ಮಾತು ಬದಲಿಸಿಬಿಡುತ್ತಾಳೆ. ಹಾಗೆಯೇ ಎರಡು ಸಲ ಫೇಲಾಗಿದ್ದಳು. ಮೂರು ವರ್ಷದ ಮಗಳನ್ನು ಬೇರೆ ಊರಿನಲ್ಲಿ ಅಕ್ಕನ ಹತ್ತಿರ ಬಿಟ್ಟು ಬಂದಿದ್ದಳು. ಈ ಸಲ ಪಾಸಾದರೆ ಆ ಊರಿನ ಆಸ್ಪತ್ರೆಯಲ್ಲೇ ಕೆಲಸ ಕಾದಿತ್ತು. ಫೇಲಾದರೆ ಮತ್ತೆ ಆರು ತಿಂಗಳು ಇಲ್ಲಿ, ಮಗು ಅಲ್ಲಿ, ಕೆಲಸ ಇನ್ಯಾರ ಪಾಲಿಗೋ. ಇದನ್ನೆಲ್ಲ ಅವಳು ಅಭ್ಯಾಸಕ್ಕೆಂದು ಗಾಜಣ್ಣನ ಹೊಟ್ಟೆ ನೋಡುವಾಗ ಹೇಳಿಕೊಂಡಿದ್ದಳು. ಸೂಜಿಯ ಪರೀಕ್ಷೆಯಲ್ಲಿ ಬೆಳಿಗ್ಗೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಉಳಿದದ್ದು ಇದೊಂದೇ.

"ಅಣ್ಣ, ಸುಸ್ತಾಯ್ತಾ?" ಎಂದು ಕೇಳಿ ಜೆಲ್ ಬೆಚ್ಚಗೆ ಮಾಡಿ ಹಚ್ಚಿದಳು.

ಕಪ್ಪು ಕೆರೆ ಪರದೆಯ ಮೇಲೆ ಬಂತು. ಅವಳ ಕೈ ನಿಂತಿತು. ಇನ್ನಷ್ಟು ಬಾಗಿ ನೋಡಿದಳು. ಹಿಡಿಯನ್ನು ಕೂದಲೆಳೆಯಷ್ಟು ಓರೆ ಮಾಡಿದಳು.

"ಮೇಡಂ, ಇದು ಪಿತ್ತಕೋಶ ಅಲ್ಲ ಅನ್ಸುತ್ತೆ," ಎಂದಳು. "ಒಳಗೆ ಗುಳ್ಳೆ ಓಡಾಡ್ತಿವೆ. ಹೊಟ್ಟೇಲಿರೋ ನೀರೋ ಕಾಫಿನೋ ಇರ್ಬೇಕು. ಪಿತ್ತಕೋಶ ಇಲ್ಲಿದೆ, ಈ ಗೆರೆ. ಪೂರ್ತಿ ಮುದುಡಿದೆ."

ಬೆಳಗಿನಿಂದ ಮೊದಲ ಬಾರಿಗೆ ಪರೀಕ್ಷಕಿ ತಲೆ ಎತ್ತಿದರು. ಪೆನ್ಸಿಲು ಗಾಳಿಯಲ್ಲಿ ನಿಂತಿತು.

"ಖಂಡಿತವಾ?"

ಅಷ್ಟೇ ಕೇಳಿದ್ದು. ಅವಳ ಮುಖದಲ್ಲಿ ಹಳೆಯ ಹೆದರಿಕೆ ಇಣುಕಿತು. ತಿರುಗಿ ಗಾಜಣ್ಣನನ್ನು ನೋಡಿ, "ಅಣ್ಣ, ಬೆಳಿಗ್ಗೆ ಏನಾದ್ರೂ ತಿಂದ್ರಾ? ಏನಾದ್ರೂ ಕುಡಿದ್ರಾ?" ಎಂದಳು. ಐದು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ.

ಹೂಂ ಎಂದರೆ ಅವಳು ಗೆದ್ದಳು. ಗಾಜಣ್ಣ ಬಾಯಿ ತೆರೆದದ್ದೂ ಹೂಂ ಎನ್ನಲಿಕ್ಕೇ. ಅದೇ ಗಳಿಗೆಗೆ ಬಾಗಿಲು ತಳ್ಳಿಕೊಂಡು ದೊಡ್ಡ ಸಿಸ್ಟರ್ ಬರಬೇಕೇ? ಕೈಯಲ್ಲಿ ಅವನ ಸಹಿ ಇದ್ದ ಅದೇ ಫಾರಂ. ಬಿಸಿ ತುಪ್ಪ ಬಾಯಿಗೆ ಬಂದ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಇಲ್ಲಮ್ಮ," ಎಂದ ಗಾಜಣ್ಣ. ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. "ನಿನ್ನೆ ರಾತ್ರಿಯಿಂದ ಒಂದು ತೊಟ್ಟು ನೀರೂ ಮುಟ್ಟಿಲ್ಲ."

ಅವಳು ಒಂದು ಕ್ಷಣ ಪರದೆ ನೋಡಿದಳು, ಒಂದು ಕ್ಷಣ ಅವನ ಮುಖ ನೋಡಿದಳು. ಪರದೆಗಿಂತ ಮುಖವನ್ನೇ ನಂಬಿದಳು.

"ಕ್ಷಮಿಸಿ ಮೇಡಂ, ನಂದೇ ತಪ್ಪು. ದೊಡ್ಡದಿದೆಯಲ್ಲ, ಇದೇ ಪಿತ್ತಕೋಶ. ನಾರ್ಮಲ್."

ಪೆನ್ಸಿಲು ಕೆಳಗಿಳಿಯಿತು. ಬೆಚ್ಚಗಿನ ಡಾಕ್ಟರಮ್ಮ ಅವನ ಹೊಟ್ಟೆಯನ್ನು ಮೆಲ್ಲಗೆ ಒರೆಸಿ, ಅಂಗಿಯನ್ನೂ ಎತ್ತಿಕೊಟ್ಟು ಹೋದಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಗಾಜಣ್ಣ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಿಲ್ಲ. ಸೋಪಿನ ನೊರೆ ಇರಲಿ, ನೆಲಮಾಳಿಗೆ ಇರಲಿ, ಹೋಗಿ ಹೇಳಿಬಿಡುತ್ತೇನೆಂದು ಎದ್ದ. ಎದ್ದೊಡನೆ ಬೆಳಗಿನಿಂದ ಕುಡಿದ ಹತ್ತು ಲೋಟ ನೀರು ತನ್ನ ಹಕ್ಕು ಕೇಳಿತು. ಅದಕ್ಕೆ ದಾರಿ ತೋರಿಸಿ ಬರುವುದರೊಳಗೆ ಪರೀಕ್ಷಕಿ ಲಿಫ್ಟ್ ಹತ್ತಿದ್ದರು. ಮೂರು ಮಹಡಿ ಮತ್ತೆ ಓಡಿದ. ಮೇಲೆ ಹೋದರೆ ಮೀಟಿಂಗು. ಬಾಗಿಲಲ್ಲಿ ಸ್ಟ್ರೆಚರಿನವನು ಅಡ್ಡ ನಿಂತ.

"ಎಲ್ಲಿಗಯ್ಯಾ? ಮುಖ ಯಾಕೆ ಹೀಗಾಗಿದೆ? ಉಪವಾಸ ಮಾಡಿ ತಲೆ ಸುತ್ತುತ್ತಿದೆ ಇವನಿಗೆ! ಸಿಸ್ಟರ್, ಇಲ್ಲಿ ಬನ್ನಿ!"

ದೊಡ್ಡ ಸಿಸ್ಟರ್ ಬಂದರು, ನಾಡಿ ಹಿಡಿದರು. ಓಡಿ ಬಂದ ನಾಡಿ ಕುದುರೆಯಂತಿತ್ತು. ಬೇಡ ಬೇಡ ಎಂದರೂ ಇಬ್ಬರೂ ಸೇರಿ ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಪಟ್ಟಿ ಬಿಗಿದು, ಒಂದು ಗಂಟೆ ಗ್ಲೂಕೋಸ್ ಬಾಟಲಿಯ ಕೆಳಗೆ ಇಟ್ಟರು. "ನಿನ್ನಂಥ ನಿಯತ್ತಿನ ಮನುಷ್ಯ ಈ ಆಸ್ಪತ್ರೇಲಿ ಇನ್ನೊಬ್ಬ ಇಲ್ಲ ಕಣಪ್ಪ," ಎಂದು ಸಿಸ್ಟರ್ ಅವನ ಹಣೆ ಸವರಿದರು. ಗ್ಲೂಕೋಸಿಗಿಂತ ಆ ಮಾತು ಚುಚ್ಚಿತು.

ಪಟ್ಟಿ ಬಿಚ್ಚಿದ ಮೇಲೆ ಪರೀಕ್ಷಕಿ ಸಿಕ್ಕಿದ್ದು ಡಾಕ್ಟರುಗಳ ಕೋಣೆಯಲ್ಲಿ. ಕನ್ನಡಕ ಒರೆಸುತ್ತ ಒಬ್ಬರೇ ಕೂತಿದ್ದರು.

"ಮೇಡಂ, ನಾನು ಸುಳ್ಳು ಹೇಳಿದೆ. ಬೆಳಿಗ್ಗೆ ತಿಂದಿದ್ದೆ. ಮೂರು ಮೊಟ್ಟೆ, ನಾಲ್ಕು ಬ್ರೆಡ್ಡು, ಕಾಫಿ. ಕೊನೇಲಿ ಬಂದ ಡಾಕ್ಟರಮ್ಮ ಹೇಳಿದ್ದೇ ನಿಜ. ನನ್ನ ಎಲ್ಲಿಗೆ ಬೇಕಾದ್ರೂ ಹಾಕಿ, ಅವರನ್ನ ಪಾಸು ಮಾಡಿ."

"ಗೊತ್ತು," ಎಂದರು ಪರೀಕ್ಷಕಿ.

"ಗೊತ್ತಾ?"

"ಮೊದಲನೇ ಹುಡುಗ ಹೊಟ್ಟೆ ಮೇಲೆ ಇಡ್ತಿದ್ದ ಹಾಗೇ ಗೊತ್ತಾಯ್ತು. ಮೂವತ್ತೈದು ವರ್ಷದಿಂದ ಇದನ್ನೇ ನೋಡ್ತಿದ್ದೀನಿ. ನಿಲ್ಲಿಸಿಬಿಡೋಣ ಅಂದ್ಕೊಂಡೆ. ಆಮೇಲೆ ಯೋಚನೆ ಬಂತು, ರೋಗಿಗಳು ತಿಂದು ಬಂದು ತಿಂದಿಲ್ಲ ಅಂತ ದಿನಾ ಹೇಳ್ತಾರೆ, ಇದಕ್ಕಿಂತ ಒಳ್ಳೇ ಪರೀಕ್ಷೆ ಎಲ್ಲಿ ಸಿಗುತ್ತೆ?"

"ಹಾಗಾದ್ರೆ ಆ ಡಾಕ್ಟರಮ್ಮ ಪಾಸು ತಾನೇ?"

ಪರೀಕ್ಷಕಿ ಕನ್ನಡಕ ಹಾಕಿಕೊಂಡರು. "ಆರೂ ಜನ ಫೇಲು. ಐದು ಜನಕ್ಕೆ ಕಾಣಲೇ ಇಲ್ಲ. ಅವಳಿಗೆ ಕಂಡಿತ್ತು. ನೀವು ಆಗಲೇ ನಿಜ ಹೇಳಿದ್ದಿದ್ರೆ ಅವಳು ಪಾಸಾಗ್ತಿದ್ದಳು. ನೀವು ಸುಳ್ಳು ಹೇಳಿದ ಮೇಲೂ ತನ್ನ ಮಾತಿಗೆ ನಿಂತಿದ್ರೆ ಆಗಲೂ ಪಾಸು, ನೂರಕ್ಕೆ ನೂರು ಕೊಡ್ತಿದ್ದೆ. ಕಂಡಿದ್ದನ್ನ ಬಿಟ್ಟು ರೋಗಿ ಮಾತು ನಂಬಿದಳು. ನಾಳೆ ಹೀಗೇ ನಂಬಿ ಇನ್ಯಾರದ್ದೋ ಜೀವ ಹೋದ್ರೆ?"

"ತಪ್ಪು ನನ್ನದು ಮೇಡಂ!"

"ನಿಮ್ಮದು ಹೌದು. ಆದ್ರೆ ಪರೀಕ್ಷೆ ಅವಳದ್ದು."

ಗಾಜಣ್ಣ ಕೈಕಟ್ಟಿ ನಿಂತ. "ನನ್ನ ನೆಲಮಾಳಿಗೆಗೆ ಹಾಕ್ತೀರಾ?"

"ನಿಮ್ಮನ್ನ ಬಿಡೋದುಂಟೇ?" ಎಂದು ಅವರು ಹಾಳೆಯೊಂದನ್ನು ಮುಂದೆ ತಳ್ಳಿದರು. "ಇನ್ನು ಮೇಲೆ ನಾನು ನಡೆಸೋ ಎಲ್ಲಾ ಪರೀಕ್ಷೆಗೂ ನೀವೇ. ಚೆನ್ನಾಗಿ ತಿಂದು ಬನ್ನಿ. ಕೇಳಿದವರಿಗೆ ತಿಂದಿಲ್ಲ ಅನ್ನಿ. ಎಷ್ಟು ಸಹಜವಾಗಿ ಹೇಳ್ತೀರಿ! ಇದು ಗುಟ್ಟಾಗಿರ್ಬೇಕು, ಯಾರಿಗೂ ಹೇಳಲ್ಲ ಅಂತ ಇಲ್ಲಿ ಸಹಿ ಹಾಕಿ."

ಶಿಕ್ಷೆ ಕೇಳಲು ಹೋದವನಿಗೆ ಬಡ್ತಿ ಸಿಕ್ಕಿತು. ಆ ದಿನದ ಎರಡನೆಯ ಸಹಿ ಹಾಕಿ ಗಾಜಣ್ಣ ಹೊರಗೆ ಬಂದ. ಮೈಯೆಲ್ಲ ನಾಚಿಕೆಯಿಂದ ಉರಿಯುತ್ತಿತ್ತು.

ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. ಪಾಸು ಫೇಲು ಬಿಟ್ಟು ಕಾರಣ ಬರೆಯುವ ಪದ್ಧತಿ ಅಲ್ಲಿರಲಿಲ್ಲ. ಬೆಚ್ಚಗಿನ ಡಾಕ್ಟರಮ್ಮ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. "ಇನ್ನೊಂದು ಸ್ವಲ್ಪ ದಿನ ಬಂಗಾರಿ. ದೊಡ್ಡಮ್ಮ ಹೇಳಿದ ಹಾಗೆ ಕೇಳ್ಕೊಂಡಿರು. ಅಳಬಾರದು." ಫೋನು ಇಟ್ಟು ಕಣ್ಣೊರೆಸಿಕೊಂಡಳು. ಗಾಜಣ್ಣನನ್ನು ಕಂಡು ನಗಲು ನೋಡಿದಳು.

"ನನ್ನ ಕಣ್ಣೇ ಸರಿಯಿಲ್ಲ ಅಣ್ಣ. ಒಂದು ಕ್ಷಣ ಅದು ಕಾಫಿ ಅಂತಲೇ ಅನ್ಸಿತ್ತು ನೋಡಿ. ಎಂಥಾ ದಡ್ಡಿ! ಈ ಕೆಲಸ ನನ್ನ ಕೈಲಿ ಆಗಲ್ಲ ಅಂತ ಕಾಣುತ್ತೆ."

ಗಾಜಣ್ಣ ಬೆಂಚಿನ ಹತ್ತಿರ ಹೋದ. ಸಹಿ ಹಾಳಾಗಿ ಹೋಗಲಿ ಎಂದುಕೊಂಡ.

"ಅದು ಕಾಫಿನೇ ಅಮ್ಮ. ನಾನು ಕುಡಿದಿದ್ದೆ. ಮೊಟ್ಟೆನೂ ತಿಂದಿದ್ದೆ. ನಿಮ್ಮ ಕಣ್ಣು ಸರಿಯಾಗೇ ಇತ್ತು, ನಾನೇ ಸುಳ್ಳು ಹೇಳಿದೆ. ದೇವರಾಣೆ."

ಅವಳು ಅವನ ತೋಳು ಮುಟ್ಟಿದಳು.

"ಅಣ್ಣ, ನನ್ನ ಸಮಾಧಾನಕ್ಕೆ ಅಂತ ನೀವು ಇಷ್ಟು ಕಷ್ಟಪಡಬೇಡಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಮುಖದಲ್ಲೇ ಗೊತ್ತಾಗುತ್ತೆ. ಗ್ಲೂಕೋಸ್ ಹಾಕಿದ್ರಂತೆ, ಸಿಸ್ಟರ್ ಹೇಳಿದ್ರು."

"ಇಲ್ಲಮ್ಮ, ನಿಜವಾಗಿ ತಿಂದಿದ್ದೆ! ನಮ್ಮ ಅತ್ತೆನ ಕೇಳಿ ಬೇಕಾದ್ರೆ. ನನಗೆ ಹಸಿವೇ ಇಲ್ಲ."

ಹೊತ್ತು ಸಂಜೆ ನಾಲ್ಕು. ಬೆಳಿಗ್ಗೆ ಏಳಕ್ಕೆ ತಿಂದದ್ದು ಎಂದೋ ಕರಗಿಹೋಗಿತ್ತು. ಒಂಬತ್ತು ವರ್ಷ ಡಾಕ್ಟರುಗಳಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ ಆ ಹೊಟ್ಟೆ, ಇಡೀ ಕಾರಿಡಾರಿಗೆ ಕೇಳುವಂತೆ ಗುರ್ರೆಂದಿತು.

"ನೋಡಿ," ಎಂದು ಡಾಕ್ಟರಮ್ಮ ಎದ್ದಳು. ಕಣ್ಣಲ್ಲಿ ನೀರಿದ್ದರೂ ಈ ಸಲ ನಿಜವಾಗಿ ನಕ್ಕಳು. "ಬನ್ನಿ ಪಾಪ, ಏನಾದ್ರೂ ತಿನ್ನೋರಂತೆ. ನಿನ್ನೆ ರಾತ್ರಿಯಿಂದ ಉಪವಾಸ."